ಯುಗಾಂತ್ಯದ ಲೆಕ್ಕ, ರಾಜ್ಯಗಳ ಲೆಕ್ಕ

ಲೋಕದ ಕೊನೆಯನ್ನು ಕುರಿತ ನಂಬಿಕೆಯು ದೇಶದೇಶಗಳ ನಡುವಣ ವ್ಯವಹಾರವನ್ನು ತಿದ್ದಬಲ್ಲದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ವಾಷಿಂಗ್ಟನ್ ಮತ್ತು ಜೆರುಸಲೇಮುಗಳ ಸಂದರ್ಭದಲ್ಲಿ ಕೇಳಿಬರುತ್ತದೆಯಾದರೂ, ಮನಗೂಳಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಸೀಮೆಯಲ್ಲಿ ನಿಂತು ಅದನ್ನು ಕೇಳಿಕೊಳ್ಳುವುದಕ್ಕೂ ಸಾಕಷ್ಟು ಕಾರಣಗಳಿವೆ. ಮುಂಬರುವ ಕಾಲದ ಕೇಡು ಮತ್ತು ಅದರ ಆಚೆಗಿನ ಒಳಿತನ್ನು ಮೊದಲೇ ನುಡಿದಿಡುವ ಪರಂಪರೆಯು ಈ ಭಾಗಕ್ಕೆ ‘ಕಾಲಜ್ಞಾನ’ ಎಂಬ ಹೆಸರಿನಲ್ಲಿ ಚಿರಪರಿಚಿತವಾದುದು. ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನ ಹೆಸರಿನ ಕಾಲಜ್ಞಾನ ವಚನಗಳನ್ನು ಅವನ ಪರಂಪರೆಯವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ವಿಜಯಪುರ ಜಿಲ್ಲೆಯ ಬಬಲಾದಿಯ ಸದಾಶಿವ ಮುತ್ಯಾನ ಮಠದಲ್ಲಿ ಶಿವರಾತ್ರಿಯ ಜಾತ್ರೆಯ ಕಾಲಕ್ಕೆ ಹೊರಬೀಳುವ ನುಡಿಗಳಲ್ಲಿ ಮಳೆ ಬೆಳೆಗಳ ಜೊತೆಗೆ ರಾಜಕಾರಣ ಮತ್ತು ಯುದ್ಧಗಳ ಸೂಚನೆಗಳೂ ಇರುತ್ತವೆ, ಪತ್ರಿಕೆಗಳು ಅವನ್ನು ವರ್ಷವರ್ಷವೂ ವರದಿ ಮಾಡುತ್ತವೆ. ಇಂಥ ನೆಲದಲ್ಲಿಯೇ, 1840ರ ಆಸುಪಾಸಿನಲ್ಲಿ, ಯೂರೋಪಿನಿಂದ ಬಂದ ಕ್ರೈಸ್ತ ಯುಗಾಂತ್ಯದ ನಿರೀಕ್ಷೆಯೂ ಇಲ್ಲಿನ ಕಾಲಜ್ಞಾನವೂ ಒಂದನ್ನೊಂದು ಎದುರುಗೊಂಡವು ಎಂಬುದು ಕರ್ನಾಟಕದ ಮಿಶನರಿ ಚರಿತ್ರೆಯ ಒಂದು ಸ್ವಾರಸ್ಯದ, ಆದರೆ ಹೆಚ್ಚು ಜನರಿಗೆ ತಿಳಿಯದ ಸಂಗತಿ.

ಆ ಭೇಟಿಯನ್ನು ಅರಿಯಬೇಕಾದರೆ ಇಂಥ ಗ್ರಂಥಗಳು ಹುಟ್ಟುವ ಹಿನ್ನೆಲೆಯನ್ನು ಮೊದಲು ಗಮನಿಸಬೇಕಾಗುತ್ತದೆ. 1565ರ ಜನವರಿಯಲ್ಲಿ ಮುದ್ದೇಬಿಹಾಳ ಸೀಮೆಯ ರಕ್ಕಸಗಿ ತಂಗಡಗಿಗಳ ಬಳಿ, ಕೃಷ್ಣೆಯ ದಂಡೆಯಲ್ಲಿ, ವಿಜಯನಗರದ ಸೈನ್ಯವು ಸೋತು ರಾಜಧಾನಿಯು ಹಾಳಾದ ಮೇಲೆ, ಕನ್ನಡ ಮತ್ತು ತೆಲುಗು ನಾಡುಗಳ ಕಾಲಜ್ಞಾನಗಳಲ್ಲಿ ವೀರವಸಂತರಾಯನೆಂಬ ಅರಸನು ಬಂದು ಧರ್ಮರಾಜ್ಯವನ್ನು ಮತ್ತೆ ನಿಲ್ಲಿಸುವನೆಂಬ ನಂಬಿಕೆ ಬಲವಾಗಿ ಕಾಣಿಸಿಕೊಂಡಿತು. ಯೆಹೂದ್ಯರ ದಾನಿಯೇಲನ ಗ್ರಂಥವು ಇಂದಿನ ರೂಪವನ್ನು ಪಡೆದದ್ದು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ, ಸಿರಿಯಾದ ಗ್ರೀಕ್ ಅರಸ ಅಂತಿಯೋಕನು ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಕಾಲದಲ್ಲಿ. ಕ್ರೈಸ್ತರ ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯು ರಚಿತವಾದದ್ದು ಕ್ರಿಸ್ತಶಕ ಮೊದಲ ಶತಮಾನದ ಕೊನೆಯ ಹೊತ್ತಿಗೆ, ರೋಮ್ ಸಾಮ್ರಾಜ್ಯದ ಒತ್ತಡದ ನಡುವೆ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಸೋತವರ, ತುಳಿತಕ್ಕೆ ಸಿಕ್ಕಿದವರ ನಡುವೆ ಹುಟ್ಟಿದ ಈ ಬರೆಹಗಳು ಶತಮಾನಗಳ ತರುವಾಯ ಗೆದ್ದವರ, ಆಳುವವರ ಕೈಗೆ ಬಂದಾಗ ಅವುಗಳ ಅರ್ಥವೂ ಬಳಕೆಯೂ ಬೇರೆಯಾದವು, ವಿದೇಶಾಂಗ ನೀತಿಯ ಪ್ರಶ್ನೆ ಏಳುವುದು ಆ ಎರಡನೆಯ ಘಟ್ಟದಲ್ಲಿ.

ಯೇಸುಕ್ರಿಸ್ತನು ಮತ್ತೆ ಭೂಮಿಗೆ ಬರುವನೆಂಬುದು ಕ್ರೈಸ್ತ ಧರ್ಮದ ಎಲ್ಲ ಶಾಖೆಗಳಿಗೂ ಸಮಾನವಾದ ನಂಬಿಕೆಯಾಗಿದ್ದು, ಕನ್ನಡ ಕ್ರೈಸ್ತರು ಅದನ್ನು ‘ಎರಡನೆಯ ಬರೋಣ’ ಎಂದು ಕರೆಯುತ್ತಾರೆ. ಭಿನ್ನಾಭಿಪ್ರಾಯವಿರುವುದು ಆ ಬರೋಣದ ಕ್ರಮದ ವಿಷಯದಲ್ಲಿ. ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕಲಾಗುವುದೆಂದೂ ಆ ಸಾವಿರ ವರ್ಷ ಕ್ರಿಸ್ತನ ಆಳ್ವಿಕೆ ನಡೆಯುವುದೆಂದೂ ಹೇಳಿದೆ. ರೋಮನ್ ಕೆಥೋಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಇದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವು, ಸುವಾರ್ತೆಯು ಲೋಕದಲ್ಲೆಲ್ಲ ಹರಡಿ ಮನುಷ್ಯಕುಲವು ಕ್ರಮೇಣ ಸುಧಾರಿಸಿ ಸಾವಿರ ವರ್ಷದ ಒಳ್ಳೆಯ ಕಾಲವು ನಡೆದಮೇಲೆ ಕ್ರಿಸ್ತನು ಬರುವನೆಂದು ನಂಬಿತು. ಇನ್ನೊಂದು ಪಂಗಡವು, ಲೋಕವು ಕೆಡುತ್ತಲೇ ಹೋಗಿ, ಯುದ್ಧ ಕ್ಷಾಮಗಳು ಮಿತಿಮೀರಿ, ಕ್ರಿಸ್ತವಿರೋಧಿಯು ತಲೆಯೆತ್ತಿದ ಮೇಲೆ ಕ್ರಿಸ್ತನು ಮೊದಲು ಬಂದು, ಆಮೇಲೆ ಸಾವಿರ ವರ್ಷ ಆಳುವನೆಂದು ನಂಬಿತು. ನೀತಿಯ ದೃಷ್ಟಿಯಿಂದ ಇವೆರಡರ ನಡುವೆ ಅಜಗಜಾಂತರವಿದೆ. ಮೊದಲನೆಯದು ಶಾಲೆ, ಮುದ್ರಣಾಲಯ, ಗುಲಾಮಗಿರಿಯ ನಿಷೇಧಗಳ ಕಡೆಗೆ ಜನರನ್ನು ನಡೆಸಿದರೆ, ಎರಡನೆಯದು ಲೋಕದ ಆಗುಹೋಗುಗಳಲ್ಲಿ ಕುರುಹುಗಳನ್ನು ಹುಡುಕುವ ಕಡೆಗೆ, ಅದರಲ್ಲಿಯೂ ಚದುರಿಹೋದ ಯೆಹೂದ್ಯರು ಪವಿತ್ರ ನಾಡಿಗೆ ಮರಳುವುದನ್ನು ಮುಖ್ಯ ಕುರುಹೆಂದು ಕಾಯುವ ಕಡೆಗೆ ನಡೆಸಿತು. ವಾಸ್ತವದಲ್ಲಿ ಒಬ್ಬನೇ ಭಕ್ತನಲ್ಲಿ ಎರಡೂ ಬೆರೆತಿರುತ್ತಿದ್ದುದುಂಟು.

ಕರ್ನಾಟಕಕ್ಕೆ ಸಂಬಂಧಿಸಿದ ಎಳೆಯು ಜರ್ಮನಿಯ ನೈರುತ್ಯದ ವ್ಯೂರ್ಟೆಂಬರ್ಗ್ ಎಂಬ ಸಣ್ಣ ರಾಜ್ಯದಲ್ಲಿ ಆರಂಭವಾಗುತ್ತದೆ. ಅಲ್ಲಿನ ಲೂಥರನ್ ಸಭೆಯೊಳಗೆ ಪೈಯೆಟಿಸ್ಟರೆಂಬ ಭಕ್ತರ ಪಂಥವೊಂದು ಬೆಳೆದಿತ್ತು. ಸಭೆಯ ಕಟ್ಟಳೆಗಿಂತ ಒಳಗಿನ ಪರಿವರ್ತನೆಯನ್ನೂ, ಪುರೋಹಿತರ ಉಪದೇಶಕ್ಕಿಂತ ಮನೆಮನೆಗಳಲ್ಲಿ ಕೂಡಿ ಬೈಬಲ್ ಓದುವುದನ್ನೂ ಮುಖ್ಯವೆಂದು ತಿಳಿದಿದ್ದ ಇವರಲ್ಲಿ ರೈತರೂ ಕುಶಲಕರ್ಮಿಗಳೂ ಹೆಚ್ಚಾಗಿದ್ದರು. ಇವರ ಗುರುಸ್ಥಾನದಲ್ಲಿದ್ದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ದೊಡ್ಡ ಪಂಡಿತ, ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಶಾಸ್ತ್ರೀಯವಾಗಿ ಸಂಪಾದಿಸಿದವನು. ಆದರೆ ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಗುಣಿಸಿ, ಸಾವಿರ ವರ್ಷದ ಕಾಲವು 1836ರಲ್ಲಿ ಆರಂಭವಾಗುವುದೆಂದು ಲೆಕ್ಕ ಹಾಕಿದವನೂ ಅವನೇ. ನೆಪೋಲಿಯನನ ಯುದ್ಧಗಳು ಮತ್ತು 1816–17ರ ಘೋರ ಬರದ ನಡುವೆ ಈ ಲೆಕ್ಕವು ಜನರ ಮನಸ್ಸನ್ನು ಹಿಡಿಯಿತು. ಬರುವ ಸಂಕಟದ ಕಾಲಕ್ಕೆ ಪೂರ್ವದಲ್ಲಿ ಆಶ್ರಯವಿದೆಯೆಂದು ನಂಬಿ ಸಾವಿರಾರು ಕುಟುಂಬಗಳು ರಷ್ಯಾದ ದಕ್ಷಿಣಕ್ಕೂ ಕಾಕಸಸ್ ಪರ್ವತಗಳ ಆಚೆಗೂ ವಲಸೆ ಹೋದವು. ಅವರನ್ನು ಬರಮಾಡಿಕೊಂಡ ತ್ಸಾರ್ ಒಂದನೆಯ ಅಲೆಕ್ಸಾಂಡರನೂ ಇದೇ ಬಗೆಯ ಪ್ರಭಾವಕ್ಕೆ ಒಳಗಾಗಿದ್ದನು. ಅವನು 1815ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾ, ಪ್ರಶ್ಯಾಗಳ ಅರಸರೊಡನೆ ಕ್ರೈಸ್ತ ಸೋದರತ್ವದ ಹೆಸರಿನಲ್ಲಿ ಮಾಡಿಕೊಂಡ ‘ಪವಿತ್ರ ಮೈತ್ರಿ’ಯ ಹಿಂದೆ ಯೂಲಿಯಾನ ಫಾನ್ ಕ್ರ್ಯೂಡನರ್ ಎಂಬ ಭಕ್ತೆಯ ಪ್ರೇರಣೆಯಿತ್ತು. ಆದರೆ ಅದೇ ಒಪ್ಪಂದವನ್ನು ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಕ್ರಾಂತಿಗಳನ್ನು ಹತ್ತಿಕ್ಕುವ ನೀತಿಯ ಆಸರೆಯಾಗಿ ಮಾಡಿಕೊಂಡನು. ಇತ್ತ ವ್ಯೂರ್ಟೆಂಬರ್ಗಿನ ಅರಸನು, ತೆರಿಗೆ ಕೊಡುವ ಪ್ರಜೆಗಳೆಲ್ಲ ಗುಳೆ ಹೋಗುವುದನ್ನು ತಡೆಯಲು, 1819ರಲ್ಲಿ ಕೋರ್ನ್‌ಟಾಲ್ ಎಂಬಲ್ಲಿ ಈ ಭಕ್ತರಿಗೆ ತಮ್ಮದೇ ಸ್ವತಂತ್ರ ಊರನ್ನು ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟನು.

ಕನ್ನಡ ನಾಡಿನ ಶಿಕ್ಷಣ, ಮುದ್ರಣ, ನಿಘಂಟುಗಳ ಚರಿತ್ರೆಯಲ್ಲಿ ಅಳಿಸಲಾಗದ ಹೆಸರಾದ ಬಾಸೆಲ್ ಮಿಶನ್ ಹುಟ್ಟಿದ್ದು ಈ ವಾತಾವರಣದಲ್ಲಿಯೇ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರಂಭವಾದ ಈ ಸಂಸ್ಥೆಗೆ ಹಣವನ್ನು ಒದಗಿಸಿದವರಲ್ಲಿ ಆ ನಗರದ ವರ್ತಕ ಮನೆತನಗಳು ಮುಖ್ಯವಾಗಿದ್ದರೆ, ಅದರ ಮಿಶನರಿಗಳಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗಿನ ಪೈಯೆಟಿಸ್ಟ್ ಹಳ್ಳಿಗಳಿಂದ ಬಂದವರು. ಕಾಕಸಸಿನ ಶುಶಾ ಎಂಬಲ್ಲಿ ಅವರು ನಡೆಸುತ್ತಿದ್ದ ಕೆಲಸವನ್ನು 1835ರಲ್ಲಿ ತ್ಸಾರ್ ಸರ್ಕಾರದ ಆಜ್ಞೆಯೊಂದು ನಿಲ್ಲಿಸಿತು. ಭಾರತದ ಬಾಗಿಲು ತೆರೆದದ್ದೂ ಸರ್ಕಾರದ ತೀರ್ಮಾನದಿಂದಲೇ. ಈಸ್ಟ್ ಇಂಡಿಯಾ ಕಂಪನಿಯು ತನ್ನ ವ್ಯಾಪಾರಕ್ಕೂ ಆಡಳಿತಕ್ಕೂ ತೊಡಕಾದೀತೆಂದು ಬಹುಕಾಲ ಮಿಶನರಿಗಳನ್ನು ದೂರವಿಟ್ಟಿತ್ತು. ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ ಮೊದಲಾದವರ ಒತ್ತಾಯದಿಂದ 1813ರ ಸನ್ನದು ಕಾಯ್ದೆಯು ಆ ತಡೆಯನ್ನು ಸಡಿಲಿಸಿತು, 1833ರ ಕಾಯ್ದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ಬಿಟ್ಟಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ‘ಮಂಗಳೂರ ಸಮಾಚಾರ’ದ ಸಂಪಾದಕನಾಗಿ ಕನ್ನಡ ಪತ್ರಿಕೋದ್ಯಮದ ಮೊದಲ ಪುಟದಲ್ಲಿರುವ ಹರ್ಮನ್ ಮ್ಯೋಗ್ಲಿಂಗ್ ಬಂದದ್ದು 1836ರಲ್ಲಿ, ಅಂದರೆ ಬೆಂಗೆಲ್ ಗೊತ್ತುಮಾಡಿದ್ದ ವರ್ಷದಲ್ಲಿಯೇ, ಆ ವರ್ಷವು ಏನೂ ಆಗದೆ ಕಳೆದುಹೋಯಿತು. ಲೆಕ್ಕ ತಪ್ಪಿದರೂ ನಿರೀಕ್ಷೆ ಬತ್ತಲಿಲ್ಲ, ದುಡಿಮೆಯೂ ನಿಲ್ಲಲಿಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, ಬಹಳ ತಡವಾಗಿ 1885ರಲ್ಲಿ ವಿಜಯಪುರ, ಹೀಗೆ ಅವರ ಕೇಂದ್ರಗಳು ಬಯಲುಸೀಮೆಗೆ ವಿಸ್ತರಿಸಿದವು.

ಕಾಲಜ್ಞಾನದೊಡನೆ ಮುಖಾಮುಖಿಯಾದದ್ದು ಹುಬ್ಬಳ್ಳಿ–ಗದಗ ಸೀಮೆಯಲ್ಲಿ. ಮಿಶನಿನ ಬರೆಹಗಳಲ್ಲಿ ‘ಕಾಲಜ್ಞಾನಿಗಳು’ ಎಂದೇ ಕರೆಯಲಾದ ಒಂದು ಪಂಗಡದವರು ಪಾದ್ರಿಗಳ ಬಳಿಗೆ ಬಂದು, ತಮ್ಮ ಗ್ರಂಥಗಳಲ್ಲಿ ಹೇಳಿದ ಬದಲಾವಣೆಯ ಕಾಲವು ಒದಗಿದೆಯೆಂದೂ, ಅದನ್ನು ತರಬೇಕಾದ ಗುರುಗಳು ಇವರೇ ಇರಬಹುದೆಂದೂ ಸೂಚಿಸಿದಾಗ, ಸ್ವತಃ ಯುಗಾಂತ್ಯವನ್ನು ಎದುರು ನೋಡುತ್ತಿದ್ದ ಮಿಶನರಿಗಳಿಗೆ ಅದು ದೇವರ ಕೈವಾಡವೆಂದೇ ತೋರಿತು. ಸಾಮೂಹಿಕ ಮತಾಂತರದ ಆಸೆಯಿಂದ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ 1841ರಲ್ಲಿ ಭೂಮಿಯನ್ನು ಪಡೆದು, ಹೊಸದಾಗಿ ಬರುವವರಿಗೆಂದು ಕೃಷಿ ವಸಾಹತೊಂದನ್ನು ಕಟ್ಟಲಾಯಿತು. ಕೋರ್ನ್‌ಟಾಲಿನ ನೆನಪು ಆ ಯೋಜನೆಯ ಹಿಂದೆ ಇದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ಬರುವ ಗುರುವನ್ನು ಕುರಿತು ಎರಡು ಕಡೆಯವರೂ ಆಡಿದ ಮಾತು ಒಂದೇ ಬಗೆಯದಾಗಿದ್ದರೂ, ಮನೆ, ಜಾತಿ, ಮಠ, ನಂಟಸ್ತಿಕೆಗಳನ್ನು ಬಿಟ್ಟು ಬರುವ ಪ್ರಶ್ನೆ ಎದುರಾದಾಗ ಕಾಲಜ್ಞಾನಿಗಳು ಹಿಂದೆ ಸರಿದರು. ಈ ಪ್ರಸಂಗದಲ್ಲಿ ಯಾರೂ ಯಾರನ್ನೂ ಮೋಸಗೊಳಿಸಿದಂತೆ ಕಾಣುವುದಿಲ್ಲ. ಇಬ್ಬರೂ ತಮ್ಮ ಗ್ರಂಥವು ನಿಜವಾಗುವುದನ್ನು ಎದುರಿಗಿದ್ದವರಲ್ಲಿ ಕಾಣಬಯಸಿದ್ದರು, ಅಷ್ಟೆ. ಮುಂದೆ ವಿದೇಶಾಂಗ ಕಚೇರಿಗಳಲ್ಲಿ ನಡೆದ ವ್ಯವಹಾರಗಳು ಇಷ್ಟು ಮುಗ್ಧವಾಗಿರಲಿಲ್ಲ.

ಮಲ್ಲಸಮುದ್ರದ ಕಾಲಕ್ಕೆ ಬಾಸೆಲಿನಲ್ಲಿ ಮಿಶನಿನ ಮುಖ್ಯಸ್ಥನಾಗಿದ್ದವನು ವಿಲ್ಹೆಲ್ಮ್ ಹೋಫ್ಮನ್. ಅವನ ತಂದೆಯೇ ಕೋರ್ನ್‌ಟಾಲಿನ ಸ್ಥಾಪಕ. ಅವನ ತಮ್ಮ ಕ್ರಿಸ್ಟೋಫ್ ಹೋಫ್ಮನ್ ಮುಂದೆ ಪ್ಯಾಲೆಸ್ಟೈನಿನಲ್ಲಿ ಜರ್ಮನ್ ವಸಾಹತುಗಳನ್ನು ಕಟ್ಟಿದವನು. 1850ರಲ್ಲಿ ಬಾಸೆಲನ್ನು ಬಿಟ್ಟ ವಿಲ್ಹೆಲ್ಮನು ತರುವಾಯ ಬರ್ಲಿನ್ನಿನಲ್ಲಿ ಪ್ರಶ್ಯಾದ ಅರಸ ನಾಲ್ಕನೆಯ ಫ್ರೆಡರಿಕ್ ವಿಲಿಯಮನ ಆಸ್ಥಾನದ ಬೋಧಕನಾದನು. ಈ ಅರಸನು 1841ರಲ್ಲಿ, ಬ್ರಿಟನ್ ಮತ್ತು ಪ್ರಶ್ಯಾಗಳು ಕೂಡಿ ಜೆರುಸಲೇಮಿನಲ್ಲಿ ಒಬ್ಬ ಪ್ರಾಟೆಸ್ಟಂಟ್ ಬಿಷಪ್ಪನನ್ನು ಇರಿಸುವ ವ್ಯವಸ್ಥೆಗೆ ಕಾರಣನಾದವನು. ಮೊದಲ ಬಿಷಪ್ಪನಾಗಿ ಆಯ್ಕೆಯಾದವನು ಯೆಹೂದ್ಯರಲ್ಲಿ ಹುಟ್ಟಿ ಕ್ರೈಸ್ತನಾಗಿದ್ದ ಮೈಕೇಲ್ ಸೊಲೊಮನ್ ಅಲೆಕ್ಸಾಂಡರ್. ಯೆಹೂದ್ಯರ ಮರಳುವಿಕೆ ಮತ್ತು ಪರಿವರ್ತನೆಗಳೇ ಬರೋಣದ ಪೀಠಿಕೆಯೆಂದು ತಿಳಿದಿದ್ದವರಿಗೆ ಈ ಆಯ್ಕೆ ಎಷ್ಟು ಅರ್ಥಪೂರ್ಣವಾಗಿ ಕಂಡಿರಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವನ ನಂತರ ಆ ಪೀಠಕ್ಕೆ ಬಂದು 1879ರವರೆಗೆ ಇದ್ದ ಸ್ಯಾಮುಯೆಲ್ ಗೊಬಾ ಬಾಸೆಲಿನ ಮಿಶನ್ ಶಾಲೆಯಲ್ಲಿಯೇ ತರಬೇತಿ ಪಡೆದವನು. ಹೀಗೆ ಧಾರವಾಡಕ್ಕೂ ಜೆರುಸಲೇಮಿಗೂ ಜನರನ್ನು ಕಳಿಸಿದ ಮನೆ ಒಂದೇ ಆಗಿತ್ತು.

ಆದರೆ ಜೆರುಸಲೇಮಿನಲ್ಲಿ ಬ್ರಿಟನ್ನಿನ ಆಸಕ್ತಿಯ ಮೂಲವು ಬೈಬಲ್ ಮಾತ್ರವಾಗಿರಲಿಲ್ಲ. 1830ರ ದಶಕದಲ್ಲಿ ಈಜಿಪ್ಟಿನ ಮಹಮ್ಮದ್ ಅಲಿಯು ಸಿರಿಯಾ ಪ್ಯಾಲೆಸ್ಟೈನ್‌ಗಳನ್ನು ಗೆದ್ದುಕೊಂಡು ತುರ್ಕಿಯ ಸುಲ್ತಾನನನ್ನೇ ನಡುಗಿಸಿದ್ದನು. ಕೆಥೋಲಿಕರ ರಕ್ಷಕನೆಂದು ಫ್ರಾನ್ಸೂ, ಆರ್ಥೊಡಾಕ್ಸರ ರಕ್ಷಕನೆಂದು ರಷ್ಯಾವೂ ಆ ಸಾಮ್ರಾಜ್ಯದೊಳಗೆ ಕೈಹಾಕಿದ್ದವು. ಬ್ರಿಟನ್ನಿಗೆ ಹಾಗೆ ಹೇಳಿಕೊಳ್ಳಲು ಒಂದು ಸಮುದಾಯ ಇರಲಿಲ್ಲ, ಆದರೆ ಭಾರತಕ್ಕೆ ಹೋಗುವ ದಾರಿಯು ಆ ಭೂಭಾಗದಲ್ಲಿ ಹಾದುಹೋಗುತ್ತಿತ್ತು. ಆಗಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ 1838ರಲ್ಲಿ ಜೆರುಸಲೇಮಿನಲ್ಲಿ ಬ್ರಿಟಿಷ್ ಉಪಕಾನ್ಸಲನ ಹುದ್ದೆಯನ್ನು ಸೃಷ್ಟಿಸಿ, ಅಲ್ಲಿನ ಯೆಹೂದ್ಯರಿಗೆ ರಕ್ಷಣೆ ಕೊಡುವಂತೆ ಸೂಚಿಸಿದನು. 1840ರ ಆಗಸ್ಟಿನಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ತನ್ನ ರಾಯಭಾರಿಗೆ ಬರೆದು, ಯೆಹೂದ್ಯರು ಪ್ಯಾಲೆಸ್ಟೈನಿಗೆ ಮರಳುವುದನ್ನು ಪ್ರೋತ್ಸಾಹಿಸಿದರೆ ಸುಲ್ತಾನನಿಗೇ ಲಾಭವೆಂದು ಮನವರಿಕೆ ಮಾಡಿಕೊಡಲು ಹೇಳಿದನು. ಇದರ ಹಿಂದೆ ಇದ್ದವನು ಪಾಮರ್‌ಸ್ಟನ್ನನ ಹೆಂಡತಿಯ ಅಳಿಯ, ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಆದ ಆಂಟನಿ ಆಶ್ಲಿ ಕೂಪರ್. ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಯನ್ನು ತಗ್ಗಿಸಲು ಹೋರಾಡಿದ ಈ ಸಜ್ಜನನು ಎರಡನೆಯ ಬರೋಣವನ್ನು ದಿನದಿನವೂ ಕಾಯುತ್ತಿದ್ದವನು. ಅವನು ತನ್ನ ದಿನಚರಿಯಲ್ಲಿ, ಮಂತ್ರಿಯ ಮುಂದೆ ತಾನು ಧರ್ಮದ ಮಾತನ್ನು ಬಿಟ್ಟು ರಾಜಕೀಯ, ಹಣಕಾಸು ಮತ್ತು ವ್ಯಾಪಾರದ ವಾದಗಳನ್ನೇ ಹೂಡಬೇಕಾಗಿದೆಯೆಂದೂ, ಅವನಿಗೆ ನಾಟುವುದು ಅವು ಮಾತ್ರವೆಂದೂ ಬರೆದುಕೊಂಡಿದ್ದಾನೆ. ಯುಗಾಂತ್ಯದ ನಂಬಿಕೆಯು ವಿದೇಶಾಂಗ ನೀತಿಯೊಳಗೆ ಪ್ರವೇಶಿಸುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಕ್ಷ್ಯ ಸಿಗುವುದು ಕಷ್ಟ. ನಂಬುವವನು ಗುರಿಯನ್ನು ಕೊಡುತ್ತಾನೆ, ಉತ್ಸಾಹವನ್ನು ಕೊಡುತ್ತಾನೆ, ಬೇಸರವಿಲ್ಲದೆ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯಬೇಕೇ ಬೇಡವೇ ಎಂಬುದನ್ನು ರಾಜ್ಯವು ತನ್ನ ಲೆಕ್ಕದ ಪ್ರಕಾರ ನಿರ್ಧರಿಸುತ್ತದೆ.

ಕ್ರಿಸ್ಟೋಫ್ ಹೋಫ್ಮನ್ನನ ಅನುಭವವೂ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. ‘ದೇವಜನ’ರನ್ನು ಜೆರುಸಲೇಮಿನಲ್ಲಿ ಒಟ್ಟುಗೂಡಿಸಬೇಕೆಂದು 1854ರಲ್ಲಿ ಸಂಘ ಕಟ್ಟಿದ ಅವನ ಬಳಗವು, ಸುಲ್ತಾನನಿಂದ ಭೂಮಿಯನ್ನು ಕೊಡಿಸಬೇಕೆಂದು ಜರ್ಮನ್ ರಾಜ್ಯಗಳ ಒಕ್ಕೂಟಕ್ಕೆ ಮೊರೆಯಿಟ್ಟಿತು, ಒಕ್ಕೂಟವು ಕಿವಿಗೊಡಲಿಲ್ಲ. ಕೊನೆಗೆ 1868ರಲ್ಲಿ ತಾವಾಗಿಯೇ ಹೊರಟ ಈ ಟೆಂಪ್ಲರ್ ಪಂಥದವರು ಹೈಫಾದಲ್ಲಿ, ಆಮೇಲೆ ಯಾಫಾ, ಸರೋನ, ಜೆರುಸಲೇಮುಗಳಲ್ಲಿ ನೆಲೆಸಿದರು. ಬರೋಣವನ್ನು ಕಾಯಲು ಹೋದವರು ಹೊಲ, ದ್ರಾಕ್ಷಿ ತೋಟ, ಗಿರಣಿ, ಕುದುರೆ ಗಾಡಿಯ ಸಾರಿಗೆಗಳನ್ನು ಅಚ್ಚುಕಟ್ಟಾಗಿ ನಡೆಸತೊಡಗಿದರು, ಹೀಗೆಯೇ ಮಂಗಳೂರಿನಲ್ಲಿ ಅವರ ನಾಡಿನವರೇ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ಟೆಂಪ್ಲರರು ಉಪಯುಕ್ತರಾದ ಮೇಲೆ ಜರ್ಮನ್ ಸಾಮ್ರಾಜ್ಯವು ಅವರನ್ನು ತನ್ನವರೆಂದು ಗುರುತಿಸಿತು. 1898ರಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮ್ ಪ್ಯಾಲೆಸ್ಟೈನಿಗೆ ಬಂದಾಗ ಹಡಗಿನಿಂದ ಇಳಿದದ್ದೇ ಹೈಫಾದಲ್ಲಿ.

ಮುಂದೆ ಇಪ್ಪತ್ತು ವರ್ಷಕ್ಕೆ, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಅದೇ ಹೈಫಾವನ್ನು ತುರ್ಕಿ ಮತ್ತು ಜರ್ಮನ್ ಪಡೆಗಳಿಂದ ಬಿಡಿಸಿಕೊಂಡವರಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಇತ್ತು. ಜೋಧಪುರದ ಸವಾರರು ಪಟ್ಟಣದೊಳಗೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳನ್ನು ಹಿಡಿದರು. ಈ ಕಾಳಗವು ಬ್ರಿಟಿಷ್ ಸೇನಾಪತಿ ಆಲನ್‌ಬಿ ನಡೆಸಿದ ‘ಮೆಗಿದ್ದೋ ಕದನ’ವೆಂಬ ದಂಡಯಾತ್ರೆಯ ಭಾಗವಾಗಿತ್ತು, ಪ್ರಕಟನೆಯಲ್ಲಿ ಲೋಕದ ಅರಸರೆಲ್ಲ ಕೊನೆಯ ಯುದ್ಧಕ್ಕೆ ಕೂಡುವ ಜಾಗವೆಂದು ಹೇಳಿರುವ ‘ಹರ್ಮಗೆದೋನ್’ ಈ ಮೆಗಿದ್ದೋವಿನ ಬೆಟ್ಟವೇ ಎಂಬುದು ರೂಢಿಯ ನಂಬಿಕೆ. ಆಲನ್‌ಬಿ ತನ್ನ ಬಿರುದಿನಲ್ಲಿಯೂ ಆ ಹೆಸರನ್ನು ಸೇರಿಸಿಕೊಂಡನು. ಮೈಸೂರಿನ ಸವಾರರನ್ನು ಅಲ್ಲಿಗೆ ತಂದದ್ದು ಸೂಯೆಜ್ ಕಾಲುವೆಯ ರಕ್ಷಣೆ, ಅಂದರೆ ಭಾರತದ ದಾರಿಯ ರಕ್ಷಣೆ. ಹೈಫಾದ ಕಾಳಗಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲು, 1917ರ ನವೆಂಬರ್ 2ರಂದು, ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯೊಂದನ್ನು ಬ್ರಿಟನ್ ಬೆಂಬಲಿಸುವುದೆಂಬ ಬಾಲ್ಫರ್ ಘೋಷಣೆ ಹೊರಬಿದ್ದಿತ್ತು. ಪ್ರಧಾನಿ ಲಾಯ್ಡ್ ಜಾರ್ಜ್ ಬಾಲ್ಯದಿಂದ ಬೈಬಲ್ ಕೇಳಿ ಬೆಳೆದವನೆಂಬುದೂ, ಒಂದು ಶತಮಾನದ ಪ್ರಚಾರದಿಂದ ಯೆಹೂದ್ಯರ ಮರಳುವಿಕೆ ಇಂಗ್ಲೆಂಡಿನ ಓದುಬಲ್ಲವರಿಗೆ ಸಹಜವೆನಿಸಿತ್ತೆಂಬುದೂ ನಿಜವೇ. ಆದರೂ ಯುದ್ಧದ ತುರ್ತು ಮತ್ತು ಕಾಲುವೆಯ ಭಯಗಳಿಲ್ಲದೆ ಆ ಘೋಷಣೆ ಹೊರಡುತ್ತಿರಲಿಲ್ಲ. ಅದನ್ನು ವಿರೋಧಿಸಿದವರಲ್ಲಿ ಇಬ್ಬರು ಭಾರತದ ವ್ಯವಹಾರ ಬಲ್ಲವರು: ಒಬ್ಬನು ಭಾರತ ಮಂತ್ರಿಯಾಗಿದ್ದ, ಸ್ವತಃ ಯೆಹೂದ್ಯನಾದ ಎಡ್ವಿನ್ ಮಾಂಟೆಗು, ಘೋಷಣೆಯ ಹೊತ್ತಿಗೆ ಭಾರತದತ್ತ ಹಡಗಿನಲ್ಲಿದ್ದವನು, ಇನ್ನೊಬ್ಬನು ಹಿಂದಿನ ವೈಸ್‌ರಾಯ್ ಕರ್ಜನ್. ಅಲ್ಲಿ ಆಗಲೇ ಇರುವ ಅರಬರ ಗತಿಯೇನು ಎಂದು ಕರ್ಜನ್ ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಇದೇ ಯುದ್ಧದಲ್ಲಿ ಕರ್ನಾಟಕದ ಬಾಸೆಲ್ ಮಿಶನಿನ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು ಹೊರಗೆ ಕಳಿಸಲಾಯಿತು, ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಅವರ ದೇವಶಾಸ್ತ್ರ ಏನೆಂದು ಸರ್ಕಾರವು ಕೇಳಲಿಲ್ಲ.

ಯುಗಾಂತ್ಯದ ನಂಬಿಕೆಯು ಅಮೆರಿಕದಲ್ಲಿ ಬೆಳೆದ ಬಗೆಯು ಇದಕ್ಕಿಂತ ಬೇರೆಯಾದುದು. ಐರಿಷ್ ಮೂಲದ ಜಾನ್ ನೆಲ್ಸನ್ ಡಾರ್ಬಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ವ್ಯಾಖ್ಯಾನದ ಪ್ರಕಾರ ದೇವರು ಲೋಕದ ಚರಿತ್ರೆಯನ್ನು ಹಲವು ಯುಗಗಳಾಗಿ ವಿಂಗಡಿಸಿದ್ದಾನೆ, ಕ್ರೈಸ್ತ ಸಭೆಗೂ ಇಸ್ರಾಯೇಲಿಗೂ ಅವನ ಯೋಜನೆಗಳು ಬೇರೆಬೇರೆ. ಕೊನೆಯ ಸಂಕಟಕ್ಕೆ ಮುಂಚೆ ನಿಜವಾದ ವಿಶ್ವಾಸಿಗಳು ಇದ್ದಕ್ಕಿದ್ದಂತೆ ಆಕಾಶಕ್ಕೆ ಒಯ್ಯಲ್ಪಡುತ್ತಾರೆ, ಉಳಿದವರ ನಡುವೆ ಏಳು ವರ್ಷದ ಘೋರ ಕಾಲವು ನಡೆದು ಹರ್ಮಗೆದೋನಿನಲ್ಲಿ ಮುಗಿಯುತ್ತದೆ. 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡನ ಟಿಪ್ಪಣಿಸಹಿತ ಬೈಬಲ್ ಈ ವ್ಯಾಖ್ಯಾನವನ್ನು ಮೂಲದ ಪುಟದ ಅಡಿಯಲ್ಲಿಯೇ ಅಚ್ಚು ಹಾಕಿದ್ದರಿಂದ, ಸಾಮಾನ್ಯ ಓದುಗನಿಗೆ ಗ್ರಂಥ ಯಾವುದು, ಟಿಪ್ಪಣಿ ಯಾವುದು ಎಂಬ ಭೇದವೇ ಉಳಿಯಲಿಲ್ಲ. 1948ರಲ್ಲಿ ಇಸ್ರೇಲ್ ದೇಶವು ಹುಟ್ಟಿದ್ದನ್ನೂ, 1967ರ ಯುದ್ಧದಲ್ಲಿ ಅದು ಜೆರುಸಲೇಮಿನ ಹಳೆಯ ನಗರವನ್ನು ವಶಪಡಿಸಿಕೊಂಡದ್ದನ್ನೂ ಈ ವ್ಯಾಖ್ಯಾನವನ್ನು ಒಪ್ಪಿದವರು ಭವಿಷ್ಯವಾಣಿಯ ನೆರವೇರಿಕೆಯೆಂದು ಓದಿದರು. 1970ರಲ್ಲಿ ಹೊರಬಂದ ಹಾಲ್ ಲಿಂಡ್ಸೆಯ ಯುಗಾಂತ್ಯದ ಪುಸ್ತಕವು ಆ ದಶಕದಲ್ಲಿ ಅಮೆರಿಕದ ಅತ್ಯಂತ ಹೆಚ್ಚು ಮಾರಾಟವಾದ ಕೃತಿಗಳಲ್ಲೊಂದಾಯಿತು. 2022ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆಯು ಪ್ರಕಟಿಸಿದ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರ ಪೈಕಿ ಶೇ. 39ರಷ್ಟು ಜನ, ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರ ಪೈಕಿ ಶೇ. 63ರಷ್ಟು ಜನ, ಈಗ ನಡೆಯುತ್ತಿರುವುದು ಅಂತ್ಯಕಾಲವೆಂದು ನಂಬುವುದಾಗಿ ಹೇಳಿದರು. ಇವ್ಯಾಂಜೆಲಿಕಲರೆಂದರೆ ವೈಯಕ್ತಿಕ ಪರಿವರ್ತನೆ ಮತ್ತು ಬೈಬಲಿನ ಪರಮಾಧಿಕಾರಕ್ಕೆ ಒತ್ತು ಕೊಡುವ ಪ್ರಾಟೆಸ್ಟಂಟರು. ಅಲ್ಲಿನ ರಿಪಬ್ಲಿಕನ್ ಪಕ್ಷಕ್ಕೆ ಇವರು ಅತಿ ದೊಡ್ಡ ಮತಬುಟ್ಟಿ.

ಇಷ್ಟಾದರೂ ನಂಬಿಕೆಯಿಂದ ನೀತಿಗೆ ನೇರ ಗೆರೆ ಎಳೆಯುವುದು ತಪ್ಪಾಗುತ್ತದೆ. ರೊನಾಲ್ಡ್ ರೇಗನ್ ಹರ್ಮಗೆದೋನಿನ ಬಗ್ಗೆ ಆಗಾಗ ಮಾತನಾಡಿದ್ದ ಅಧ್ಯಕ್ಷ. 1983ರಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯವೆಂದು ಕರೆದದ್ದು ಇವ್ಯಾಂಜೆಲಿಕಲರ ಸಮಾವೇಶದಲ್ಲಿಯೇ. ಆದರೆ 1984ರ ಚುನಾವಣಾ ಚರ್ಚೆಯಲ್ಲಿ ಈ ಕುರಿತು ಕೇಳಿದಾಗ, ಅದು ಸಾವಿರ ವರ್ಷದ ಆಚೆಗಿದೆಯೋ ನಾಳಿದ್ದೋ ಯಾರಿಗೂ ತಿಳಿಯದು, ಅದನ್ನು ನೆಚ್ಚಿ ಯೋಜನೆ ಹಾಕಿಲ್ಲ ಎಂದು ಉತ್ತರಿಸಿದನು. ಅದೇ ರೇಗನ್ 1987ರ ಡಿಸೆಂಬರಿನಲ್ಲಿ ಸೋವಿಯತ್ ನಾಯಕ ಗೊರ್ಬಚೇವ್ ಜೊತೆ ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕಿದನು. ನಂಬಿಕೆಯ ಬಲವು ಹೆಚ್ಚಾಗಿ ಕಾಣಿಸುವುದು ಸಂಘಟನೆಯ ಮೂಲಕ. 1970ರ ದಶಕದ ಕೊನೆಯಿಂದ ಇಸ್ರೇಲಿನ ಲಿಕುದ್ ಪಕ್ಷದ ನಾಯಕರು ಜೆರಿ ಫಾಲ್ವೆಲ್‌ನಂಥ ಬೋಧಕರೊಡನೆ ಬೆಳೆಸಿಕೊಂಡ ನಂಟು, 2006ರಲ್ಲಿ ಜಾನ್ ಹೇಗಿ ಕಟ್ಟಿದ ಇಸ್ರೇಲ್‌ಪರ ಕ್ರೈಸ್ತ ಸಂಘಟನೆ, ಚುನಾವಣೆಗಳಲ್ಲಿ ಅವುಗಳ ಒತ್ತಡ, ಇವೆಲ್ಲದರ ಫಲವು 2017ರ ಡಿಸೆಂಬರ್ 6ರಂದು ಡೊನಾಲ್ಡ್ ಟ್ರಂಪ್ ಜೆರುಸಲೇಮನ್ನು ಇಸ್ರೇಲಿನ ರಾಜಧಾನಿಯೆಂದು ಮಾನ್ಯ ಮಾಡಿದಾಗ ಕಣ್ಣಿಗೆ ಬಿತ್ತು. 2018ರ ಮೇ 14ರಂದು ಅಲ್ಲಿ ಅಮೆರಿಕದ ದೂತಾವಾಸ ತೆರೆದಾಗ ಪ್ರಾರ್ಥನೆ ಸಲ್ಲಿಸಿದವರಲ್ಲಿ ಹೇಗಿಯೂ ರಾಬರ್ಟ್ ಜೆಫ್ರೆಸ್ ಎಂಬ ಬ್ಯಾಪ್ಟಿಸ್ಟ್ ಬೋಧಕನೂ ಇದ್ದರು. 2025ರಲ್ಲಿ ಇಸ್ರೇಲಿಗೆ ರಾಯಭಾರಿಯಾಗಿ ಹೋದ ಮೈಕ್ ಹಕಬಿ ಸ್ವತಃ ಬ್ಯಾಪ್ಟಿಸ್ಟ್ ಬೋಧಕನಾಗಿದ್ದವನು. ಟ್ರಂಪನನ್ನು ಯುಗಾಂತ್ಯದ ಭಕ್ತನೆಂದು ಅವನ ವಿರೋಧಿಗಳೂ ಹೇಳುವುದಿಲ್ಲ. ಪಾಮರ್‌ಸ್ಟನ್ನನಂತೆ ಅವನಿಗೂ ನಾಟಿದ್ದು ಬೇರೆ ಲೆಕ್ಕ. ಆ ಮಾನ್ಯತೆಯನ್ನು ತಿರಸ್ಕರಿಸಿ 2017ರ ಡಿಸೆಂಬರ್ 21ರಂದು ವಿಶ್ವಸಂಸ್ಥೆಯ ಮಹಾಸಭೆಯು 128 ಮತಗಳಿಂದ ಅಂಗೀಕರಿಸಿದ ನಿರ್ಣಯದ ಪರವಾಗಿ ಭಾರತವೂ ಮತ ಹಾಕಿತ್ತು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವವರು ಪ್ಯಾಲೆಸ್ಟೈನಿನ ಕ್ರೈಸ್ತರು. 2006ರಲ್ಲಿ ಜೆರುಸಲೇಮಿನ ಕೆಥೋಲಿಕ್, ಸಿರಿಯನ್ ಆರ್ಥೊಡಾಕ್ಸ್, ಎಪಿಸ್ಕೋಪಲ್ ಮತ್ತು ಲೂಥರನ್ ಧರ್ಮಾಧ್ಯಕ್ಷರು ಕೂಡಿ ಹೊರಡಿಸಿದ ಹೇಳಿಕೆಯಲ್ಲಿ, ಬೈಬಲಿನ ಭವಿಷ್ಯವಾಣಿಯ ಹೆಸರಿನಲ್ಲಿ ಒಂದು ರಾಜ್ಯದ ವಿಸ್ತರಣೆಯನ್ನು ಬೆಂಬಲಿಸುವ ಈ ‘ಕ್ರೈಸ್ತ ಜಿಯೋನಿಸಂ’ ಅನ್ನು ಸುವಾರ್ತೆಗೆ ವಿರುದ್ಧವೆಂದು ಸ್ಪಷ್ಟವಾಗಿ ತಿರಸ್ಕರಿಸಲಾಯಿತು. ಆದ್ದರಿಂದ ಅಮೆರಿಕದ ಒಂದು ಪಂಗಡದ ವ್ಯಾಖ್ಯಾನವನ್ನು ಕ್ರೈಸ್ತ ಧರ್ಮದ ಮಾತೆಂದೇ ತಿಳಿಯುವುದು, ಯಾವುದೋ ಒಂದು ಮಠದ ನುಡಿಯನ್ನು ಇಡೀ ಕಾಲಜ್ಞಾನ ಸಾಹಿತ್ಯದ ಅರ್ಥವೆಂದು ತಿಳಿದಷ್ಟೇ ಅವಸರದ ತೀರ್ಮಾನವಾಗುತ್ತದೆ.

ಅಮೆರಿಕದಲ್ಲಿಯೂ ಲೆಕ್ಕವು ಬದಲಾಗುತ್ತಿದೆ. ಮೊಟ್ಟಿ ಇನ್ಬರಿ ಮತ್ತು ಕಿರಿಲ್ ಬುಮಿನ್ ಎಂಬ ಸಂಶೋಧಕರು ನಡೆಸಿದ ಸಮೀಕ್ಷೆಗಳ ಪ್ರಕಾರ, ಮೂವತ್ತು ವರ್ಷದ ಒಳಗಿನ ಇವ್ಯಾಂಜೆಲಿಕಲರಲ್ಲಿ ಇಸ್ರೇಲನ್ನು ಬೆಂಬಲಿಸುವವರ ಪಾಲು 2018ರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿದ್ದದ್ದು 2021ರ ಹೊತ್ತಿಗೆ ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಪ್ರಕಟನೆಯ ಒಂದು ಅಕ್ಷರವೂ ಈ ಮೂರು ವರ್ಷಗಳಲ್ಲಿ ಬದಲಾಗಿರಲಿಲ್ಲ. ಮುಂದಿನ ದಶಕಗಳಲ್ಲಿ ವಾಷಿಂಗ್ಟನ್ನಿನ ಪಶ್ಚಿಮ ಏಷ್ಯಾ ನೀತಿಯು ಎತ್ತ ತಿರುಗುವುದೆಂದು ತಿಳಿಯಬಯಸುವವರು ನೋಡಬೇಕಾದದ್ದು ಭವಿಷ್ಯವಾಣಿಯ ಪುಟಗಳನ್ನಲ್ಲ, ಈ ಮತದಾರರ ಪಟ್ಟಿಯನ್ನು.